ಬಳ್ಳಿಯ ನಡುವೆ ಅವ್ವನ ಹೆಸರು

ಪಾತ್ರೆಗೆ ಹೆಸರು ಕೊರೆಯುವ ಯಂತ್ರದ ಸದ್ದನ್ನು ನೀವೂ ಕೇಳಿರುತ್ತೀರಿ. ಹಲ್ಲಿನ ಡಾಕ್ಟರ ಕೋಣೆಯಿಂದ ಬರುವ ಸದ್ದಿಗೂ ಕಿವಿಯ ಹತ್ತಿರ ಸುತ್ತುವ ದುಂಬಿಯ ಸದ್ದಿಗೂ ನಡುವಿನದು ಅದು. ಮೊನ್ನೆ ಕೆ.ಆರ್. ಪೇಟೆಯ ಬಸ್ ಸ್ಟ್ಯಾಂಡಿನ ಹಿಂದಿನ ಪಾತ್ರೆ ಅಂಗಡಿಯಲ್ಲಿ, ಮದುವೆಯೊಂದಕ್ಕೆ ಕೊಡಲೆಂದು ತಾಮ್ರದ ಚೊಂಬು ಆರಿಸಿ ನಿಂತಿದ್ದೆ. ಅಂಗಡಿಯವನು ಯಂತ್ರದ ಸೂಜಿಯನ್ನು ಹಳೆಯ ತಟ್ಟೆಯೊಂದರ ಮೇಲೆ ಜುಂಯ್ ಎನಿಸಿ ನೋಡಿ, “ಏನ್ ಹೆಸ್ರು ಹಾಕ್ಲಿ ಮೇಡಂ?” ಎಂದ. ಪ್ರೈಮರಿ ಶಾಲೆಯಿಂದಲೇ ವೇದಿಕೆ ಹತ್ತಿ ವಾದ ಮಾಡಿದವಳು ನಾನು. ಎದುರಿನವರು ಬಾಯಿ ಮುಚ್ಚುವ ಮೊದಲೇ ಉತ್ತರ ಸಿದ್ಧವಾಗಿರುವುದು ನನ್ನ ಚಾಳಿ. ಅವತ್ತು ಮಾತ್ರ ಬಾಯಿ ಕಟ್ಟಿತು. ಸದ್ದು ನಿಂತ ಮೇಲೂ ಕಿವಿಯಲ್ಲಿ ಉಳಿಯಿತು. ಅದರ ಬೆನ್ನಿಗೇ ಒದ್ದೆ ಬೂದಿಯ ವಾಸನೆ, ಹುಣಸೆಹಣ್ಣು ಹಾಕಿ ತಿಕ್ಕಿದ ಲೋಹದ ವಾಸನೆ, ಉರಿಯುವ ತೆಂಗಿನ ಮಟ್ಟೆಯ ಹೊಗೆ ಎಲ್ಲ ಬಂದವು. ನಮ್ಮ ಹಳೆಯ ಮನೆಯ ಬಚ್ಚಲು ಎದುರಿಗೆ ಬಂದು ನಿಂತಿತು.

ತೊಂಬತ್ತರ ದಶಕದ ನಡುವಿನ ಮಾತಿದು. ಪಾಂಡವಪುರದಿಂದ ಕೆ.ಆರ್. ಪೇಟೆ ಕಡೆಗೆ ಹೋಗುವ ದಾರಿಯಲ್ಲಿ, ನಾಲೆಯ ಏರಿಗೆ ಅಂಟಿಕೊಂಡ ಊರು ನಮ್ಮದು. ಹಿತ್ತಿಲಿಗೆ ಬಂದರೆ ಕಬ್ಬಿನ ಗರಿಗಳಾಚೆ ಮೇಲುಕೋಟೆ ಬೆಟ್ಟ ಕಾಣುತ್ತಿತ್ತು. ಮೋಡವಿದ್ದ ದಿನ ಕಾಣುತ್ತಿರಲಿಲ್ಲ, ಆದರೂ ಅಜ್ಜಿ ಆ ಕಡೆಗೇ ಕೈ ಮುಗಿಯುತ್ತಿದ್ದಳು. ಹಿತ್ತಿಲ ಮೂಲೆಯಲ್ಲಿ ಹಗಲಲ್ಲೂ ಅರೆಗತ್ತಲಾಗಿರುತ್ತಿದ್ದ ಬಚ್ಚಲು. ಅಲ್ಲಿ ಮಣ್ಣಿನ ಒಲೆಯಲ್ಲಿ ಕುತ್ತಿಗೆಯವರೆಗೂ ಹೂತು ಕೂತಿದ್ದ ತಾಮ್ರದ ಹಂಡೆ. ಹೊಟ್ಟೆಯೆಲ್ಲ ಮಸಿ, ಕಂಠ ಮಾತ್ರ ಕೆಂಪು. ಆ ಕಂಠದ ಸುತ್ತ ಸಣ್ಣ ಉಳಿಯಿಂದ ಚುಕ್ಕಿಚುಕ್ಕಿಯಾಗಿ ಕುಟ್ಟಿದ ಒಂದು ಬಳ್ಳಿ; ಬಳ್ಳಿಯ ನಡುವೆ, ಎಲೆಗಳಂತೆಯೇ ಬಾಗಿ ಬಳುಕಿದ ಅಕ್ಷರಗಳಲ್ಲಿ ನನ್ನ ಅವ್ವನ ಹೆಸರು: ಜಯಮ್ಮ. ಅವ್ವನ ತವರು ನಾಗಮಂಗಲದ ಕಡೆ. ಅವಳ ಅಪ್ಪ ಮದುವೆಗೆ ಮೊದಲು ನಾಗಮಂಗಲದ ಪಾತ್ರೆ ಕೆಲಸದವರ ಮನೆಗೆ ಹೋಗಿ, ಎದುರಿಗೇ ಕೂತು ಮಾಡಿಸಿದ ಹಂಡೆಯಂತೆ ಅದು. ಬೆಳಗ್ಗೆ ಒಲೆಗೆ ಮಟ್ಟೆ ತುರುಕಿ ಉರಿ ಹತ್ತುವವರೆಗೆ ಅವ್ವ ಆ ಚುಕ್ಕಿಗಳ ಮೇಲೆ ಬೆರಳಾಡಿಸುತ್ತ ಕೂರುತ್ತಿದ್ದಳು. ನೀರು ಕಾದಂತೆ ಹಂಡೆ ಮೊದಲು ಸಣ್ಣಗೆ ಗುನುಗುತ್ತಿತ್ತು, ಆಮೇಲೆ ಉಸಿರು ಬಿಡುತ್ತಿತ್ತು. ಆ ನೀರು ಬೆನ್ನ ಮೇಲೆ ಬಿದ್ದಾಗಿನ ಸುಖ ನನಗೆ ಇವತ್ತಿನ ಯಾವ ನಲ್ಲಿಯಿಂದಲೂ ಸಿಕ್ಕಿಲ್ಲ. ನೆನಪು ಉತ್ಪ್ರೇಕ್ಷೆ ಮಾಡುತ್ತದೆ ಎಂದು ನೀವು ಆಕ್ಷೇಪಿಸಬಹುದು. ಮಾಡಲಿ. ಹೊಗೆಗೆ ಕಣ್ಣುರಿಯುತ್ತಿದ್ದುದೂ ನನಗೆ ನೆನಪಿದೆ.

ಅಜ್ಜಿ, ಎಂದರೆ ಅಪ್ಪನ ತಾಯಿ ಸಣ್ಣತಾಯಮ್ಮ, ವಸ್ತುಗಳ ವಿಷಯದಲ್ಲಿ ಬೇರೆಯೇ ಜಾತಿಯ ಮನುಷ್ಯಳು. ಅವಳಿಗೆ ಉಡುವುದಕ್ಕೊಂದು ಸೀರೆ, ಹಗ್ಗದ ಮೇಲೆ ಒಣಗುವುದಕ್ಕೊಂದು ಸೀರೆ. ಹೊದೆಯಲು ಕರಿಕಂಬಳಿ, ಸೊಂಟದಲ್ಲಿ ಎಲೆಅಡಿಕೆ ಚೀಲ. ಅಷ್ಟೇ. ಉಳಿದದ್ದೆಲ್ಲ ಅವಳ ಕೈಗೆ ಬಂದು ಹಾಗೇ ಮುಂದಕ್ಕೆ ಹೋಗುತ್ತಿತ್ತು. ಯಾರದೋ ಮನೆಯಲ್ಲಿ ಮಗುವಿಗೆ ಜ್ವರವೆಂದರೆ ನಮ್ಮ ಮನೆಯ ಲಾಟೀನು ಹೊರಡುತ್ತಿತ್ತು. ಯಾರಿಗೋ ನೆಂಟರು ಬಂದರೆಂದರೆ ಚಾಪೆ, ಗಂಗಾಳ, ಕೊನೆಗೆ ಒರಳಿನ ಒನಕೆ. ವಾಪಸು ಬಂದರೆ ಬಂತು. ಚರ್ಚಾಸ್ಪರ್ಧೆಯಲ್ಲಿ ಗೆದ್ದು ನಾನು ತಂದ ಸ್ಟೀಲ್ ತಟ್ಟೆ ನಮ್ಮ ಮನೆಯಲ್ಲಿ ಒಂದು ಊಟವನ್ನೂ ಕಾಣಲಿಲ್ಲ. ಎಮ್ಮೆ ಕಾಯಲು ಬರುತ್ತಿದ್ದ ಮುದುಕನಿಗೆ ಅದರಲ್ಲೇ ಮುದ್ದೆ ಬಡಿಸಿ, ತಟ್ಟೆ ಸಮೇತ ಕಳಿಸಿದಳು. ನಾನು ಅತ್ತು ರಂಪ ಮಾಡಿದರೆ ಗಟ್ಟಿಯಾಗಿ ನಗುತ್ತಿದ್ದಳು. “ಗೆದ್ದಿದ್ದು ನಿನ್ ಬಾಯಿ ಕಣವ್ವ, ತಟ್ಟೆ ಅಲ್ಲ. ಬಾಯಿ ಇಲ್ಲೇ ಅದಲ್ಲ, ಬಡ್ಕೋ ಎಷ್ಟಾದ್ರೂ.” ಆ ಮುದುಕಿ ಸುಖವಾಗಿದ್ದಳು, ಅದರಲ್ಲಿ ಅನುಮಾನವಿಲ್ಲ. ಹಾಸಿಗೆಗೆ ತಲೆ ಕೊಟ್ಟರೆ ನಿದ್ದೆ. ಬಾಗಿಲಿಗೆ ಚಿಲಕ ಹಾಕಿದ್ದನ್ನು ನಾನು ನೋಡಿಲ್ಲ. ಬೆಳಗಾದರೆ ಜಗಲಿಯ ಕಂಬಕ್ಕೊರಗಿ, ಕಾಲು ನೀಡಿ, ಹೋಗಿಬರುವವರನ್ನೆಲ್ಲ ಛೇಡಿಸುತ್ತ ಎಲೆಗೆ ಸುಣ್ಣ ಹಚ್ಚುತ್ತಿದ್ದಳು.

ಸರಳವಾಗಿ ಬದುಕಿ, ವಸ್ತುಗಳ ಮೋಹ ಬಿಡಿ, ಸುಖ ತಾನೇ ಬರುತ್ತದೆ ಎಂದು ಈಗ ಬಹಳ ಜನ ಹೇಳುತ್ತಾರೆ. ಹಾಗೆ ಹೇಳುವವರ ಮನೆಯಲ್ಲಿ ಪಾತ್ರೆ ತೊಳೆಯುವವರು ಯಾರು ಎಂದು ಕೇಳಬೇಕೆನ್ನಿಸುತ್ತದೆ ನನಗೆ. ಈ ಪ್ರಶ್ನೆಯನ್ನು ನಾನು ಕಲಿತದ್ದು ನಮ್ಮ ಮನೆಯಲ್ಲೇ. “ಜಾಸ್ತಿ ಇದ್ರೆ ಜಾಸ್ತಿ ಬೆಳಗ್ಬೇಕು, ಯಾಕ್ ಬೇಕು ಆ ಕರ್ಮ?” ಎಂದು ಅಜ್ಜಿ ಒಂದು ಸಲ ಅಂದಾಗ, “ಬೆಳಗೋದು ನೀನಲ್ಲ, ಅವ್ವ. ಇರೋ ಒಂದೇ ತಪ್ಪಲೇಲಿ ಸಾರು ಮಾಡಿ, ತೊಳ್ದು, ಮತ್ತೆ ಅದ್ರಲ್ಲೇ ಹಾಲು ಕಾಯ್ಸೋದೂ ಅವ್ವ” ಎಂದಿದ್ದೆ. ಅಜ್ಜಿ ನನ್ನನ್ನು ನೋಡಿ, “ಅಯ್ಯೋ, ಲಾಯ್ರಮ್ಮ ಬಂದ್ಲಪ್ಪ” ಎಂದು ಎಲೆಯ ರಸ ಉಗಿಯಲು ಎದ್ದುಹೋದಳು. ಪಾಯಿಂಟು ನನ್ನದೇ ಆಗಿತ್ತು.

ಒಂದು ವರ್ಷ ಮಾರ್ಗಶಿರ ಮಾಸದಲ್ಲಿ ಅವ್ವ ನನ್ನನ್ನೂ ಕರೆದುಕೊಂಡು ತವರಿಗೆ ಹೋಗಿದ್ದಳು. ಅವಳ ಅಪ್ಪ ಹಿಂದಿನ ವರ್ಷ ತೀರಿಕೊಂಡಿದ್ದರು, ಅವರ ತಿಥಿ. ಎಡೆ ಇಟ್ಟು, ಊಟ ಮುಗಿಸಿ, ಒಂದಷ್ಟು ದಿನ ಇದ್ದು ಮರಳಿದೆವು. ಕೈಕಾಲು ತೊಳೆಯಲು ಬಚ್ಚಲಿಗೆ ಹೋದ ಅವ್ವ ಅಲ್ಲೇ ನಿಂತುಬಿಟ್ಟಳು. ಹಂಡೆ ಇದ್ದ ಕಡೆ ಒಡೆದ ಮಣ್ಣಿನ ಬಾಯಿ. ಅದರ ಮೇಲೆ ಓಲಾಡುತ್ತಿದ್ದ ಅಲ್ಯೂಮಿನಿಯಂ ಡಬರಿ. ನಡೆದದ್ದನ್ನು ಅಜ್ಜಿಯೇ ಏನೂ ಆಗಿಲ್ಲವೆಂಬಂತೆ ಹೇಳಿದಳು. ನಮ್ಮೂರ ಮರಗೆಲಸದ ಕಾಳಾಚಾರಿಯ ಮಗಳು ಸರೋಜಳಿಗೆ ಕೆ.ಆರ್. ಪೇಟೆಯ ಗಂಡು ಗೊತ್ತಾಗಿ, ನಾವಿಲ್ಲದಾಗಲೇ ಮದುವೆಯೂ ಆಗಿತ್ತು. ಊರಿಗೆ ಟ್ರ್ಯಾಕ್ಟರು ಬಂದ ಮೇಲೆ ಆಚಾರಿಯ ನೇಗಿಲನ್ನು ಕೇಳುವವರಿರಲಿಲ್ಲ. ಸರೋಜಳಿಗೆ ತಾಯಿಯೂ ಇರಲಿಲ್ಲ, ಚಿಕ್ಕಂದಿನಲ್ಲೇ ಹೋಗಿದ್ದಳು. ಹೆಣ್ಣು ಮಗಳು ಹಂಡೆಯಿಲ್ಲದೆ ಗಂಡನ ಮನೆ ಹೊಸ್ತಿಲು ತುಳಿಯಬಾರದೆಂಬುದು ನಮ್ಮ ಕಡೆಯ ನಡವಳಿಕೆ. “ಬರೀ ಕೈಲಿ ಓಯ್ತಿತ್ತು ಮಗ. ಅದ್ಕೆ ಕಿತ್ತು ಕೊಟ್ಬುಟ್ಟೆ. ನಮ್ಗೇನು, ನೀರ್ ಕಾಯಾಕೆ ಯಾವ್ದಾದ್ರೇನು?” ಎಂದಳು ಅಜ್ಜಿ. ತನ್ನ ಮದುವೆಗೆ ಬಂದಿದ್ದ ಹಂಡೆಯನ್ನೂ ಅವಳು ಯಾವತ್ತೋ ಹೀಗೇ ಯಾರಿಗೋ ಕೊಟ್ಟಿದ್ದಳು. ಸೊಸೆ ತಂದ ಪಾತ್ರೆ ಎಂದರೆ ಮನೆಯ ಪಾತ್ರೆ, ಮನೆಯ ಪಾತ್ರೆ ಎಂದರೆ ಊರಿನ ಪಾತ್ರೆ. ಅವಳ ಲೆಕ್ಕದಲ್ಲಿ ನಡುವೆ ಗೋಡೆಯೇ ಇರಲಿಲ್ಲ.

ಅವ್ವ ಜಗಳವಾಡಲಿಲ್ಲ. “ಒಂದ್ಮಾತು ಕೇಳ್ಬೋದಾಗಿತ್ತು” ಎಂದಳು, ಅಷ್ಟೇ. ಅಪ್ಪ ಆ ಮಾತು ಕಿವಿಗೆ ಬಿದ್ದ ತಕ್ಷಣ, ಗದ್ದೆಗೆ ನೀರು ಕಟ್ಟುವುದಿದೆಯೆಂದು ಗುದ್ದಲಿ ಹೆಗಲಿಗಿಟ್ಟುಕೊಂಡು ಮಾಯವಾದ. ಅವತ್ತಿನಿಂದ ಬೆಳಗ್ಗೆ ಬಚ್ಚಲೊಲೆಯ ಮುಂದೆ ಅವ್ವ ಕೂರುವುದು ನಿಂತಿತು. ಉರಿ ಹಚ್ಚಿ ಎದ್ದುಬಿಡುತ್ತಿದ್ದಳು. ಡಬರಿಯ ನೀರು ಗುನುಗುತ್ತಿರಲಿಲ್ಲ, ಕಟಕಟ ಎನ್ನುತ್ತಿತ್ತು. ಬೇಸಿಗೆ ಕಳೆಯಿತು, ನಾಟಿ ಆಯಿತು, ಗೌರಿ ಹಬ್ಬವೂ ಹೋಯಿತು. ಅತ್ತೆ ಸೊಸೆ ಇಬ್ಬರೂ ಒಂದೇ ಅಡಿಗೆಮನೆಯಲ್ಲಿ, ಬೇಕಾದಷ್ಟೇ ಮಾತಾಡಿಕೊಂಡು ಇದ್ದರು. ಹಿಂದೆ ಮುಸ್ಸಂಜೆಯಲ್ಲಿ ಅವರೆಕಾಯಿ ಸುಲಿಯುತ್ತ ಇಬ್ಬರೂ ಸೇರಿ ಊರವರ ನಡಿಗೆಯನ್ನೆಲ್ಲ ಅಣಕಿಸಿ ನಗುತ್ತಿದ್ದುದು ನೆನಪಾಗಿ ನನಗೆ ಸಂಕಟವಾಗುತ್ತಿತ್ತು. ಆಶ್ವಯುಜ ಮುಗಿಯುತ್ತ ಬಂತು. ನಮ್ಮಲ್ಲಿ ದೀಪಾವಳಿ ಶುರುವಾಗುವುದು ನೀರು ತುಂಬುವ ಹಬ್ಬದಿಂದ. ಬಚ್ಚಲ ಹಂಡೆಯನ್ನು ಫಳಫಳ ತಿಕ್ಕಿ, ಸುಣ್ಣ ಕೆಮ್ಮಣ್ಣಿನ ಪಟ್ಟೆ ಎಳೆದು, ಕಂಠಕ್ಕೆ ಹಾಗಲಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ಮಾರನೆಯ ದಿನ ಅದೇ ನೀರಲ್ಲಿ ಎಣ್ಣೆಸ್ನಾನ. ಅವ್ವ ಒಂದು ಮಧ್ಯಾಹ್ನ ಅಭ್ಯಾಸದಂತೆ ಅಟ್ಟದಿಂದ ಹುಣಸೆಹಣ್ಣಿನ ಕುಡಿಕೆ ಇಳಿಸಿದಳು. ಮತ್ತೆ ಅಟ್ಟಕ್ಕೇ ಇಟ್ಟಳು.

ನನಗೆ ತಡೆಯಲಾಗಲಿಲ್ಲ. ಸೀದಾ ಜಗಲಿಗೆ ಹೋದೆ. ಆ ಸಲದ ತಾಲ್ಲೂಕು ಸ್ಪರ್ಧೆಯ ವಿಷಯ ‘ತ್ಯಾಗದಲ್ಲೇ ಸುಖವಿದೆ’ ಎಂದಿತ್ತು. ಮೇಷ್ಟ್ರು ನನಗೆ ವಿರೋಧದ ಪಕ್ಷ ಕೊಟ್ಟಿದ್ದರು. ಕಂಠಪಾಠ ಮಾಡಿದ್ದನ್ನೆಲ್ಲ ಮರೆತು, ಕಂಬಕ್ಕೊರಗಿದ್ದ ಅಜ್ಜಿಯ ಎದುರು ಸೊಂಟಕ್ಕೆ ಕೈಯಿಟ್ಟು ಕೇಳಿದೆ: “ಕೊಡೋದಕ್ಕೆ ಮೊದ್ಲು ಅದು ನಿಂದಾಗಿರ್ಬೇಕು ತಾನೆ? ಅವ್ವನ್ದು ತಗಂಡು ನೀನು ಕೊಟ್ರೆ ಪುಣ್ಯ ಯಾರಿಗೆ?”

“ಈ ಮನೇಲಿ ಅವ್ವನ್ದು ನನ್ದು ಅಂತ ಬೇರೆ ಅದಾ?”

“ಅದೆ. ಅದ್ರ ಮೇಲೆ ಅವ್ವನ ಹೆಸ್ರಿತ್ತು. ತಾತ ಬರ್ಸಿದ್ದು.”

ಅಜ್ಜಿಯ ಕೈಯಲ್ಲಿದ್ದ ಎಲೆ ಹಾಗೇ ನಿಂತಿತು. “ಹೆಸ್ರಾ? ಎಲ್ಲಿ?”

“ಕಂಠದ ಮೇಲೆ. ಬಳ್ಳಿ ಮಧ್ಯೆ.”

“ಅದೂ ಬಳ್ಳೀನೇ ಅಂದ್ಕಂಡಿದ್ನಲ್ಲೇ ಮಗ” ಎಂದಳು. ಅಜ್ಜಿಗೆ ಓದು ಬರುತ್ತಿರಲಿಲ್ಲ. ಅಷ್ಟು ವರ್ಷ ದಿನಾ ಬೆಳಗ್ಗೆ ಆ ಹಂಡೆಯಿಂದ ನೀರು ಬಗ್ಗಿಸಿಕೊಂಡವಳು, ಆ ಅಕ್ಷರಗಳನ್ನು ಎಲೆ ಹೂವೆಂದೇ ನೋಡಿದ್ದಳು. ಸುಣ್ಣ ಹಚ್ಚಿದ ಎಲೆಯನ್ನು ಬಾಯಿಗಿಡದೆ ಚೀಲಕ್ಕೇ ಮಡಚಿಟ್ಟಳು. ಆಮೇಲೆ, “ನಾಳೀಕೆ ಸ್ಕೂಲಿಗೆ ಚಕ್ಕರ್ ಒಡಿ. ಪ್ಯಾಟೆಗೆ ಓಗಿ ಈಸ್ಕಂಡು ಬರಾನ. ನಂಗೆ ಕೇಳಿ ಅಭ್ಯಾಸ ಇಲ್ಲ, ನೀನೇ ಕೇಳು” ಎಂದಳು. ಕೊಟ್ಟದ್ದನ್ನು ವಾಪಸು ಕೇಳಲು ಅಜ್ಜಿ ಹೊರಟಿದ್ದನ್ನು ಊರಿನಲ್ಲಿ ಹೇಳಿದ್ದರೆ ಯಾರೂ ನಂಬುತ್ತಿರಲಿಲ್ಲ.

ಬಸ್ಸಿನಲ್ಲಿ ಕಬ್ಬಿನ ಸೋಗೆಯ ಹೊರೆ, ಕೋಳಿ, ಬೀಡಿ ಹೊಗೆ. ಅಜ್ಜಿ ಕಿಟಕಿಯ ಪಕ್ಕ ಮುದುಡಿ ಕೂತಿದ್ದಳು. ನಾನು ಮನಸ್ಸಿನಲ್ಲೇ ವಾದ ಜೋಡಿಸುತ್ತಿದ್ದೆ: ಮೊದಲು ಕುಶಲ, ಆಮೇಲೆ ಹಬ್ಬದ ಮಾತು, ಆಮೇಲೆ ಹೆಸರು. ಸರೋಜಳ ಗಂಡನ ಮನೆ ಸಂತೆಮಾಳದ ಹಿಂದಿನ ಓಣಿಯಲ್ಲಿ. ಬಾಗಿಲಲ್ಲೇ ಸಾಂಬ್ರಾಣಿ ಹೊಗೆ, ಬೆಳ್ಳುಳ್ಳಿ ಹುರಿದ ಘಮ. ಸರೋಜ ಹಸಿ ಬಾಣಂತಿಯಾಗಿದ್ದಳು. ಚೊಚ್ಚಲ ಬಾಣಂತನಕ್ಕೆ ತವರಿಗೆ ಹೋಗೋಣವೆಂದರೆ ಅಲ್ಲಿ ತಾಯಿಯಿಲ್ಲ. ಹಾಗಾಗಿ ಅತ್ತೆಯೇ ನೋಡಿಕೊಳ್ಳುತ್ತಿದ್ದಳು. ನಾವು ಹೋದಾಗ ಆ ಅತ್ತೆ ಬಚ್ಚಲಲ್ಲಿ ನೀಡಿದ ಕಾಲುಗಳ ಮೇಲೆ ಕೂಸನ್ನು ಮಲಗಿಸಿಕೊಂಡು ನೀರು ಹೊಯ್ಯುತ್ತಿದ್ದಳು. ಹೊಸ ಮಣ್ಣಿನ ಒಲೆ. ಅದರಲ್ಲಿ ಕುತ್ತಿಗೆವರೆಗೂ ಹೂತ ನಮ್ಮ ಹಂಡೆ. ನಮ್ಮ ಮನೆಯಲ್ಲಿ ಗುನುಗುತ್ತಿದ್ದ ಹಾಗೇ ಗುನುಗುತ್ತಿತ್ತು.

ಆ ಹೆಂಗಸು ಮಾತಿನಮಲ್ಲಿ. ಕೂಸಿನ ಬೆನ್ನು ತಟ್ಟುತ್ತ, ನಮ್ಮನ್ನು ಒಳಗೆ ಕರೆಯುತ್ತ, ಹಂಡೆಯನ್ನು ಹೊಗಳುತ್ತ ಎಲ್ಲ ಒಟ್ಟಿಗೇ ಮಾಡಿದಳು. “ಬನ್ನಿ ಬನ್ನಿ, ನಮ್ಮ ಸೊಸೆ ತವರೂರೋರು! ಏನೇ ಅನ್ನಿ, ಬೀಗ್ರು ಅಂಡೆ ಮಾತ್ರ ಒಳ್ಳೇದು ಕೊಟ್ಟವ್ರೆ. ನೋಡಿ, ಹೆಸ್ರು ಬೇರೆ ಬರ್ಸವ್ರೆ, ಜಯಮ್ಮ ಅಂತ. ಇವ್ಳ ಅವ್ವನ ಹೆಸ್ರಂತೆ. ಪಾಪ, ಮೊಮ್ಮಗೂನ ನೋಡಾಕೆ ಇರ್ನಿಲ್ಲ ಆ ಪುಣ್ಯಾತ್ಗಿತ್ತಿ. ನಾನು ದಿನಾ ನೀರ್ ಬಗ್ಗಿಸ್ವಾಗ, ಏ ಜಯಮ್ಮ, ನೀನೇ ಬಂದು ನೀರ್ ಉಯ್ದಂಗೆ ಆಯ್ತು ಕಣವ್ವ ಅಂತೀನಿ.”

ಒಳಕೋಣೆಯ ಬಾಗಿಲಲ್ಲಿ ತಲೆಗೆ ಬಟ್ಟೆ ಕಟ್ಟಿಕೊಂಡು ನಿಂತಿದ್ದ ಸರೋಜಳನ್ನು ನಾನು ನೋಡಿದೆ. ಅವಳು ಅಜ್ಜಿಯನ್ನು ನೋಡಲಿಲ್ಲ, ನನ್ನನ್ನೇ ನೋಡುತ್ತಿದ್ದಳು. ಆ ಸುಳ್ಳನ್ನು ಬಾಯಿಬಿಟ್ಟು ಹೇಳಿಬಿಡಬಲ್ಲವಳು ನಾನೇ ಎಂದು ಅವಳಿಗೆ ಗೊತ್ತಿತ್ತು. ಅವಳ ಮುಖದ ಬಣ್ಣ ಇಳಿಯುತ್ತ ಹೋದದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದೆ. ಅಜ್ಜಿ ನನ್ನ ಮೊಣಕೈಯನ್ನು ಹಿಡಿದಳು. ಕೇಳು ಎಂದೋ, ಬೇಡ ಎಂದೋ, ನನಗೆ ತಿಳಿಯಲಿಲ್ಲ. ಜೋಡಿಸಿಟ್ಟಿದ್ದ ಮೂರೂ ವಾದಗಳು ಸರಿಯಾಗಿಯೇ ಇದ್ದವು. “ಕೂಸು ಹೆಣ್ಣಾ ಗಂಡಾ?” ಎಂದು ಕೇಳಿದೆ. ಹೆಣ್ಣು ಎಂದರು. ಬೆಲ್ಲದ ನೀರು ಕುಡಿದೆವು. ಹೊರಟಾಗ ಸರೋಜ ಬಾಗಿಲವರೆಗೆ ಬಂದು ಅಜ್ಜಿಯ ಕೈ ಹಿಡಿದು, “ತಪ್ಪಾಯ್ತು ಕಣಜ್ಜಿ. ಯಾರ ಹೆಸ್ರು ಅಂತ ಕೇಳ್ಬುಟ್ರು, ಬಾಯಿಗೆ ಅಂಗೇ ಬಂದ್ಬುಡ್ತು” ಎಂದು ಪಿಸುಗುಟ್ಟಿದಳು. ಅಜ್ಜಿ ಅವಳ ಗಲ್ಲ ಸವರಿ, “ಗಾಳಿಗೆ ಬರ್ಬ್ಯಾಡ, ಒಳೀಕೆ ಓಗು” ಎಂದಳು.

ಮನೆಗೆ ಬಂದಾಗ ಅವ್ವ ಹಿತ್ತಿಲಲ್ಲಿ ಸೌದೆ ಒಟ್ಟುತ್ತಿದ್ದಳು. ಎಲ್ಲಿಗೆ ಹೋಗಿದ್ದೆವೆಂದು ಅವಳಿಗೆ ಗೊತ್ತಾಗಿತ್ತು. ನಮ್ಮ ಬರಿಗೈಗಳನ್ನು ನೋಡಿ ಮತ್ತೆ ಸೌದೆಯ ಕಡೆ ತಿರುಗಿದಳು. ಅಜ್ಜಿ ಅವಳ ಬೆನ್ನಿಗೆ ಹೇಳಿದಳು: “ಕೇಳ್ನಿಲ್ಲ ಕಣವ್ವ ಜಯ. ಬಾಯಿ ಬರ್ನಿಲ್ಲ. ಅದು ನಿನ್ ಹೆಸ್ರು ಅಂತ ನಂಗೆ ತಿಳೀನಿಲ್ಲ ಕಣವ್ವ. ತಿಳಿದಿದ್ರೆ ಮುಟ್ತಿರ್ನಿಲ್ಲ.” ಅವ್ವ ತಿರುಗಲಿಲ್ಲ. ಆಗ ನಾನು ಕಂಡದ್ದನ್ನೆಲ್ಲ ಹೇಳಿದೆ: ಕೂಸನ್ನು, ಹೊಸ ಒಲೆಯನ್ನು, ಆ ಅತ್ತೆ ದಿನಾ ಹಂಡೆಯನ್ನು ಜಯಮ್ಮ ಎಂದು ಮಾತಾಡಿಸುವುದನ್ನು, ಸರೋಜ ಹೇಳಿಕೊಂಡಿದ್ದ ಸುಳ್ಳನ್ನು.

ಅವ್ವನ ಕೈಯಲ್ಲಿದ್ದ ಸೌದೆ ಜಾರಿತು. “ಅಂಗಾರೆ ಪ್ಯಾಟೇಲಿ ನನ್ನ ಸಾಯ್ಸೇಬುಟ್ಟವ್ಳಾ ಆ ಉಡುಗಿ?” ಎಂದಳು. ಆಮೇಲೆ ಅವಳು ನಗಲು ಶುರು ಮಾಡಿದಳು. ನಗುತ್ತ ನಗುತ್ತ ಸೌದೆಯ ರಾಶಿಯ ಮೇಲೆ ಕೂತಳು, ಸೆರಗಿನಿಂದ ಕಣ್ಣೊರೆಸಿಕೊಂಡಳು, ಮತ್ತೆ ನಕ್ಕಳು. ಯಾವಾಗ ನಗು ನಿಂತು ಅಳು ಬಂತೆಂದು ನನಗೆ ಗೊತ್ತಾಗಲಿಲ್ಲ. “ನನ್ಗಿಂತ ಎಷ್ಟ್ ಮಹಾ ಚಿಕ್ಕೋಳು ಅವ್ಳು? ನಾನು ಎತ್ತವ್ವನಂತೆ!” ತನ್ನ ಅಪ್ಪನನ್ನು ಕಳೆದುಕೊಂಡ ಮೇಲೆ ಅವಳು ಅಷ್ಟು ಅತ್ತದ್ದನ್ನು ನಾನು ನೋಡಿರಲಿಲ್ಲ. ಎದ್ದವಳು ಸೀದಾ ಅಡಿಗೆಮನೆಗೆ ಹೋಗಿ, ಮೆಣಸು, ಬೆಳ್ಳುಳ್ಳಿ, ಬೆಲ್ಲ, ಇದ್ದ ತುಪ್ಪ, ಎಲ್ಲವನ್ನೂ ಗಂಟು ಕಟ್ಟತೊಡಗಿದಳು. ತಾಯಿಯಾದವಳು ಬಾಣಂತಿಗೆ ಕಳಿಸುವಂಥ ಗಂಟು ಅದು.

ಆ ವರ್ಷ ನೀರು ತುಂಬುವ ಹಬ್ಬಕ್ಕೆ ಅವ್ವ ಕುಂಬಾರರ ಮನೆಯಿಂದ ಮಣ್ಣಿನ ಗಡಿಗೆ ತಂದು ಪಟ್ಟೆ ಎಳೆದಳು. ಹಾಗಲಬಳ್ಳಿ ಗಡಿಗೆಯ ಕುತ್ತಿಗೆಗೆ ದೊಡ್ಡದಾಗಿ, ಅರ್ಧ ನೆಲದ ಮೇಲೆ ಹರಡಿತ್ತು. ಬೆಳಗ್ಗೆ ಅಜ್ಜಿ ಎಂದೂ ಮಾಡದ ಕೆಲಸವೊಂದನ್ನು ಮಾಡಿದಳು. ಸೊಸೆಯನ್ನು ಮಣೆಯ ಮೇಲೆ ಕೂರಿಸಿ, ತಾನೇ ಅವಳ ನೆತ್ತಿಗೆ ಹರಳೆಣ್ಣೆ ಹಾಕಿ ತಟ್ಟಿದಳು. ನಮ್ಮಲ್ಲಿ ಮದುವೆಯಾದ ಹೆಣ್ಣಿಗೆ ಹಾಗೆ ಎಣ್ಣೆ ಒತ್ತುವುದು ತವರಿನಲ್ಲಿ. ಅವ್ವ ಮೊದಲು ಮೈ ಬಿಗಿಹಿಡಿದು ಕೂತಿದ್ದಳು; ಆಮೇಲೆ ಕಣ್ಣು ಮುಚ್ಚಿ, ತಲೆಯನ್ನು ಪೂರ್ತಿ ಆ ಕೈಗಳಿಗೆ ಬಿಟ್ಟುಕೊಟ್ಟಳು. ಗಡಿಗೆಯ ನೀರು ಬಗ್ಗಿಸುವಾಗ ಅಜ್ಜಿ, “ಇದ್ರ ಮ್ಯಾಲೆ ಏನಾರ ಬರ್ದದಾ ನೋಡೇ ಲಾಯ್ರಮ್ಮ, ಆಮ್ಯಾಕೆ ಕೇಸ್ ಹಾಕ್ಬ್ಯಾಡ” ಎಂದಳು. ಬಚ್ಚಲಿನ ಹೊಗೆಯಲ್ಲಿ ಮೂವರೂ ಕೆಮ್ಮುತ್ತ ನಕ್ಕೆವು. ಸರಳ ಬದುಕಿನ ಸುಖ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದು ಆ ಬೆಳಗಿನಷ್ಟನ್ನು ಮಾತ್ರ. ಅಜ್ಜಿ ಕೇಳದೆ ಕೊಟ್ಟದ್ದು ತಪ್ಪೆಂಬ ನನ್ನ ವಾದ ಹಾಗೇ ಇದೆ. ಅವ್ವ ಎಲ್ಲ ತಿಳಿದೂ ಹಂಡೆಯನ್ನು ಬಿಟ್ಟುಕೊಟ್ಟದ್ದಕ್ಕೆ ನನ್ನಲ್ಲಿ ಪ್ರತಿವಾದ ಇಲ್ಲ.

ಕೂಸಿನ ನಾಮಕರಣಕ್ಕೆ ಅವ್ವ ಕೆ.ಆರ್. ಪೇಟೆಗೆ ಹೋದಳು. ಹೆಸರು ಕೇಳಿದರೆ ಏನು ಹೇಳುವುದೆಂದು ದಾರಿಯುದ್ದಕ್ಕೂ ದಿಗಿಲು. ಜಯಮ್ಮ ಎನ್ನುವ ಹಾಗಿಲ್ಲ, ಜಯಮ್ಮ ಸತ್ತಿದ್ದಾಳೆ. “ಸರೋಜನ ಚಿಕ್ಕವ್ವ” ಎಂದಳಂತೆ. ಆಮೇಲೆ ಹಬ್ಬಕ್ಕೆ, ಹುಣ್ಣಿಮೆಗೆ, ಆ ಮನೆಗೆ ಹೋದಾಗಲೆಲ್ಲ ಅವಳು ಬರೀ ಚಿಕ್ಕವ್ವ. ತನ್ನ ಹೆಸರು ಕುಟ್ಟಿದ ಹಂಡೆಯಿಂದ ನೀರು ಬಗ್ಗಿಸಿಕೊಂಡು, ತನ್ನ ಹೆಸರಿಲ್ಲದೆ, ಆ ಮಗುವನ್ನು ಎಷ್ಟೋ ಸಲ ಮೀಯಿಸಿ ಬಂದಳು. ಬಂದಾಗೆಲ್ಲ ಹಗುರವಾಗಿ ಬರುತ್ತಿದ್ದಳು.

ಅಜ್ಜಿ ಹೋದಾಗ ಹಂಚಿಕೊಳ್ಳಲು ಏನೂ ಇರಲಿಲ್ಲವಾದ್ದರಿಂದ ನೆಂಟರು ಜಗಲಿಯಲ್ಲಿ ಕೈ ಕಟ್ಟಿಕೊಂಡು ನಿಂತಿದ್ದರು. ಒಬ್ಬರೂ ಜಗಳವಾಡಲಿಲ್ಲ, ಅದು ಅವಳ ಪಕ್ಷದ ಗಟ್ಟಿ ಪಾಯಿಂಟೆಂದು ಆಗಲೇ ಗುರುತಿಸಿಕೊಂಡಿದ್ದೆ. ಅಸ್ಥಿಯನ್ನು ಶ್ರೀರಂಗಪಟ್ಟಣದ ಹೊಳೆಯಲ್ಲಿ ಬಿಟ್ಟೆವು. ಅವ್ವನನ್ನೂ ಅದೇ ಹೊಳೆಗೆ ಬಿಟ್ಟು ಬಂದು ಈಗ ಕೆಲವು ವರ್ಷಗಳಾದವು. ಹಳೆಯ ಮನೆ ಕೆಡವಿದ ಜಾಗದಲ್ಲಿ ತಾರಸಿ ಮನೆ ಎದ್ದಿದೆ. ಬಚ್ಚಲಿದ್ದ ಮೂಲೆಯಲ್ಲಿ ಬೈಕು ನಿಲ್ಲುತ್ತದೆ. ಆ ಕೂಸು ದೊಡ್ಡವಳಾಗಿದ್ದಾಳೆ. ಅವಳ ಮದುವೆಗೆಂದೇ ನಾನು ಚೊಂಬು ಕೊಳ್ಳಲು ನಿಂತದ್ದು. ಸರೋಜ ಫೋನಿನಲ್ಲಿ, “ಅಂಡೇನ ಬೆಳಗಿಸಿ ಮಗ್ಳ ಜೊತೇಲೇ ಕಳಿಸ್ತಾ ಇವ್ನಿ. ಅವ್ರ ಮನೇಲಿ ಸೋಲಾರ್ ಅದೆ, ಆದ್ರೂ ಇರ್ಲಿ” ಎಂದಿದ್ದಳು.

ಅಂಗಡಿಯವನು ಸೂಜಿ ಹಿಡಿದು ಕಾಯುತ್ತಿದ್ದ. “ಹೆಸ್ರು ಬೇಡ, ಹಾಗೇ ಕೊಡಿ” ಎಂದೆ.

“ಹೆಸ್ರಿಲ್ದಿದ್ರೆ ಯಾರ್ ಕೊಟ್ರು ಅಂತ ಅವ್ರಿಗೆ ಹೆಂಗ್ ಗೊತ್ತಾಗ್ತದೆ ಮೇಡಂ?”

ಒಳ್ಳೆಯ ಪ್ರಶ್ನೆ. ಉತ್ತರವೂ ಇತ್ತು ನನ್ನ ಹತ್ತಿರ. ಚೊಂಬನ್ನು ಪೇಪರಿನಲ್ಲಿ ಸುತ್ತಿಸಿಕೊಂಡು ಬಸ್ ಸ್ಟ್ಯಾಂಡಿನ ಕಡೆ ನಡೆದೆ. ಹಿಂದೆ ಇನ್ಯಾರದೋ ತಟ್ಟೆಯ ಮೇಲೆ ಯಂತ್ರ ಮತ್ತೆ ಶುರುವಾಯಿತು. ದೂರ ಹೋದಂತೆ ಆ ಸದ್ದು ತೆಳ್ಳಗಾಗಿ, ನೀರು ಕಾಯಲು ಶುರುವಾದಾಗ ಹಂಡೆ ಗುನುಗುತ್ತಿತ್ತಲ್ಲ, ಹಾಗೇ ಕೇಳಿಸತೊಡಗಿತು.